ಕೇಪ್‌ಟೌನ್: ಮನೆ ಕೆಡವಿದ ಸರಕಾರ, ಮಕ್ಕಳನ್ನು ಸಾಕಿದ ಗ್ಯಾಂಗು

1996ರ ಆಗಸ್ಟ್ 4, ರವಿವಾರ ರಾತ್ರಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದ ಸಾಲ್ಟ್ ರಿವರ್ ಎಂಬಲ್ಲಿ, ಲಂಡನ್ ರಸ್ತೆಯ ಒಂದು ಮನೆಯ ಮುಂದೆ ಭಾರೀ ಜನ ಸೇರಿದ್ದರು. ಅದು ‘ಹಾರ್ಡ್ ಲಿವಿಂಗ್ಸ್’ ಎಂಬ ಕುಖ್ಯಾತ ಗ್ಯಾಂಗಿನ ನಾಯಕರಾದ ಅವಳಿ ಸಹೋದರರ ಮನೆ. ಅವರಲ್ಲೊಬ್ಬನಾದ ರಶಾದ್ ಸ್ಟ್ಯಾಗಿ ತನ್ನ ವಾಹನದಲ್ಲಿ ಅಲ್ಲಿಗೆ ಬಂದ. ಗುಂಪಿನಿಂದ ಗುಂಡು ಹಾರಿತು. ಗಾಯಗೊಂಡು ಬಿದ್ದವನ ಮೇಲೆ ಪೆಟ್ರೋಲ್ ಬಾಂಬು ಬಿತ್ತು. ಉರಿಯುತ್ತಲೇ ಎದ್ದು ಓಡಿದವನಿಗೆ ಮತ್ತೆ ಗುಂಡಿಕ್ಕಿದರು. ಪತ್ರಿಕಾ ಛಾಯಾಗ್ರಾಹಕರು ಇದನ್ನೆಲ್ಲ ಚಿತ್ರೀಕರಿಸಿದರು. ಪೊಲೀಸರು ಅಲ್ಲೇ ನಿಂತು ನೋಡುತ್ತಿದ್ದರು.

ಇಪ್ಪತ್ತಮೂರು ವರ್ಷಗಳ ಬಳಿಕ, 2019ರ ಡಿಸೆಂಬರಿನಲ್ಲಿ, ಅವಳಿಗಳಲ್ಲಿ ಉಳಿದವನಾದ ರಶೀದ್ ಸ್ಟ್ಯಾಗಿಯೂ ಅದೇ ಲಂಡನ್ ರಸ್ತೆಯಲ್ಲಿ ಗುಂಡಿಗೆ ಬಲಿಯಾದ.

ಅಂದು ಬೆಂಕಿ ಹಚ್ಚಿದವರು ಯಾರೋ ದೂರದ ಶತ್ರುಗಳಲ್ಲ. ಮಾದಕ ದ್ರವ್ಯಕ್ಕೆ ತಮ್ಮ ಮಕ್ಕಳನ್ನು ಕಳಕೊಳ್ಳುತ್ತಿದ್ದ, ನೆರೆಹೊರೆಯ ಸಾಮಾನ್ಯ ಜನರ ಚಳವಳಿಯದು. ಅದರಲ್ಲಿ ಹೆಚ್ಚಿನವರು ಮುಸ್ಲಿಮರು. ಸತ್ತವನೂ ಅದೇ ಊರಿನ ಮಗ. ಒಂದೇ ಬೀದಿಯ ಜನರನ್ನು ಹೀಗೆ ಪರಸ್ಪರ ಕೊಲ್ಲುವಂತೆ ಮಾಡಿದ್ದು ಯಾವುದು? ಬಡತನ ಎನ್ನುವುದು ಸುಲಭದ ಉತ್ತರ. ಆದರೆ ಬಡತನವಿರುವ ಕಡೆಗಳಲ್ಲೆಲ್ಲ ಗ್ಯಾಂಗು ಹುಟ್ಟುವುದಿಲ್ಲ. ಕೇಪ್‌ಟೌನಿನ ಇತಿಹಾಸವನ್ನು ಬಿಡಿಸಿ ನೋಡಿದರೆ, ಪ್ರತಿಯೊಂದು ತಿರುವಿನಲ್ಲೂ ಇನ್ನೊಂದು ಕೈಯ ಗುರುತು ಕಾಣಿಸುತ್ತದೆ. ಅದು ಸರಕಾರದ ಕೈ.

ನಿನೆವೆಯ ಹೆಸರಿನ ಪಡೆ

ದಕ್ಷಿಣ ಆಫ್ರಿಕಾದ ಜೈಲುಗಳಲ್ಲಿ ಇಂದಿಗೂ ಮೂರು ಸಂಖ್ಯೆಗಳ ಆಳ್ವಿಕೆಯಿದೆ: 26, 27 ಮತ್ತು 28. ಇವು ಮೂರು ಜೈಲು ಗ್ಯಾಂಗುಗಳ ಹೆಸರು. ಅವುಗಳಿಗೆ ತಮ್ಮದೇ ಸೇನಾ ಪದವಿಗಳಿವೆ, ನ್ಯಾಯಾಲಯವಿದೆ, ಗುಪ್ತ ಭಾಷೆಯಿದೆ. ಮೂರೂ ಗ್ಯಾಂಗುಗಳ ಮೂಲಕಥೆಯಲ್ಲಿ ಬರುವ ಮುಖ್ಯ ವ್ಯಕ್ತಿ ನೊಂಗೊಲೋಜಾ.

ಅವನ ನಿಜ ಹೆಸರು ಮ್ಜುಜೆಫಿ ಮಥೆಬುಲಾ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜೋಹಾನ್ಸ್‌ಬರ್ಗ್ ಸುತ್ತಮುತ್ತ ಚಿನ್ನದ ಗಣಿಗಳು ತೆರೆದಾಗ, ಹಳ್ಳಿಗಳಿಂದ ಕಪ್ಪು ಯುವಕರು ಸಾವಿರಾರು ಸಂಖ್ಯೆಯಲ್ಲಿ ಅಲ್ಲಿಗೆ ಬಂದರು. ಕೆಲವರು ತಾವಾಗಿ ಬಂದರು. ಹಲವರನ್ನು ತೆರಿಗೆಯ ಹೊರೆ ಹಳ್ಳಿ ಬಿಡಿಸಿತು. ನೊಂಗೊಲೋಜಾ ಬೆಟ್ಟಗಳಲ್ಲಿ ದರೋಡೆಕೋರರ ಪಡೆ ಕಟ್ಟಿದ. ಅದಕ್ಕೆ ಅವನು ಕೊಟ್ಟ ಹೆಸರು ನಿನೆವೆ. ಪ್ರವಾದಿ ಯೂನುಸರ(ಅ) ಕಥೆಯ ಮೂಲಕ ನಮಗೆ ಪರಿಚಿತವಾದ ಆ ಊರಿನ ಹೆಸರನ್ನು ಅವನು ಬೈಬಲಿನಿಂದ ಎತ್ತಿಕೊಂಡಿದ್ದ. ನಿನೆವೆಯವರು ದೇವನ ವಿರುದ್ಧ ದಂಗೆ ಎದ್ದಂತೆ ತಾನು ಸರಕಾರದ ಕಾನೂನಿನ ವಿರುದ್ಧ ದಂಗೆ ಎದ್ದೆ ಎಂಬುದು ಅವನ ವಿವರಣೆ.

ಅವನು ಜೈಲು ಸೇರಿದಾಗ ಪಡೆಯೂ ಜೈಲಿನೊಳಗೆ ಬೆಳೆಯಿತು. ಬೆಳೆಯಲು ಬೇಕಾದ ಜನರನ್ನು ಒದಗಿಸಿದ್ದು ಸರಕಾರವೇ. ಕಪ್ಪು ಜನರು ಎಲ್ಲಿಗೆ ಹೋಗುವುದಿದ್ದರೂ ಪಾಸ್ ಇಟ್ಟುಕೊಳ್ಳಬೇಕು ಎಂಬ ಕಾನೂನು 1986ರವರೆಗೂ ಇತ್ತು. ಕಿಸೆಯಲ್ಲಿ ಒಂದು ಕಾಗದವಿಲ್ಲ ಎಂಬ ಕಾರಣಕ್ಕೆ ಜೈಲಿಗೆ ಹೋದ ಹುಡುಗ, ಅಲ್ಲಿ ಬದುಕಿ ಉಳಿಯಲು ಯಾವುದಾದರೊಂದು ಸಂಖ್ಯೆಗೆ ಸೇರಬೇಕಾಗಿತ್ತು. ತಪ್ಪು ಮಾಡದೆ ಒಳಗೆ ಹೋದವನು ಅಪರಾಧಿಯಾಗಿ ಹೊರಬರುತ್ತಿದ್ದ.

ಇನ್ನೂ ಒಂದು ಸಂಗತಿಯಿದೆ. 1912ರಲ್ಲಿ ನೊಂಗೊಲೋಜಾ ಜೈಲಿನ ಅಧಿಕಾರಿಗಳ ಮುಂದೆ ತನ್ನ ಕಥೆಯನ್ನೆಲ್ಲ ಹೇಳಿಕೆಯಾಗಿ ಕೊಟ್ಟು, ಪಡೆಯನ್ನು ತೊರೆದೆ ಎಂದ. ಸರಕಾರ ಅವನಿಗೆ ಏನು ಮಾಡಿತು? ಜೈಲಿನಲ್ಲೇ ವಾರ್ಡರ್ ಕೆಲಸ ಕೊಟ್ಟಿತು. ನೂರು ವರ್ಷಗಳಿಗೂ ಹಿಂದೆಯೇ ಗ್ಯಾಂಗಿನ ನಾಯಕ ಸರಕಾರದ ಸಂಬಳದ ಪಟ್ಟಿಯಲ್ಲಿದ್ದ!

ಡಿಸ್ಟ್ರಿಕ್ಟ್ ಸಿಕ್ಸ್

ಕೇಪ್‌ಟೌನನ್ನು 1652ರಲ್ಲಿ ಕಟ್ಟಲಾರಂಭಿಸಿದವರು ಡಚ್ ಈಸ್ಟ್ ಇಂಡಿಯಾ ಕಂಪೆನಿಯವರು. ದುಡಿಸಿಕೊಳ್ಳಲು ಅವರು ಗುಲಾಮರನ್ನು ಹಡಗುಗಳಲ್ಲಿ ತಂದರು. ಇಂಡೋನೇಷ್ಯಾದ ದ್ವೀಪಗಳಿಂದ, ಮಡಗಾಸ್ಕರಿನಿಂದ, ಮೊಜಾಂಬಿಕ್‌ನಿಂದ ತಂದಂತೆ ನಮ್ಮ ಮಲಬಾರ್, ಕೋರಮಂಡಲ ಮತ್ತು ಬಂಗಾಳದ ತೀರಗಳಿಂದಲೂ ತಂದರು. ಅಲ್ಲಿನ ಇಸ್ಲಾಮ್ ಬೆಳೆದದ್ದು ಈ ಗುಲಾಮರು ಮತ್ತು ಗಡೀಪಾರಾಗಿ ಬಂದ ವಿದ್ವಾಂಸರ ನಡುವೆ. ಗುಲಾಮಗಿರಿ ಮುಗಿದ ಮೇಲೆ ಇವರ ಸಂತತಿ ನಗರದ ಅಂಚಿನಲ್ಲಿ ನೆಲೆಸಿತು. 1867ರಲ್ಲಿ ಆ ಪ್ರದೇಶಕ್ಕೆ ನಗರದ ಆರನೇ ಜಿಲ್ಲೆ, ಅಂದರೆ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಹೆಸರಾಯಿತು.

ಡಿಸ್ಟ್ರಿಕ್ಟ್ ಸಿಕ್ಸ್ ಸ್ವರ್ಗವೇನೂ ಆಗಿರಲಿಲ್ಲ. ಮನೆಗಳು ಹಳತು, ಜನ ಕಿಕ್ಕಿರಿದಿದ್ದರು, ಚರಂಡಿ ವ್ಯವಸ್ಥೆ ಕೆಟ್ಟದಾಗಿತ್ತು. 1901ರಲ್ಲೇ ಪ್ಲೇಗಿನ ನೆಪದಲ್ಲಿ ಅಲ್ಲಿನ ಕಪ್ಪು ಆಫ್ರಿಕನರನ್ನು ಹೊರದಬ್ಬಲಾಗಿತ್ತು. ಆದರೆ ಅದು ಊರಾಗಿತ್ತು. ಮಸೀದಿಯ ಬಾಂಗು ಕೇಳುವಲ್ಲಿ ಚರ್ಚಿನ ಗಂಟೆಯೂ ಕೇಳುತ್ತಿತ್ತು. ದರ್ಜಿಗಳು, ಮೀನು ಮಾರುವವರು, ಗಾರೆ ಕೆಲಸದವರು, ಬಂದರಿನ ಕೂಲಿಗಳು, ಯಹೂದಿ ಮತ್ತು ಭಾರತೀಯ ವ್ಯಾಪಾರಿಗಳು ಒಟ್ಟಿಗಿದ್ದರು. ಅಜ್ಜಿ ಒಂದು ಮನೆಯಲ್ಲಿದ್ದರೆ ಚಿಕ್ಕಮ್ಮ ಮುಂದಿನ ತಿರುವಿನಲ್ಲಿ ಇರುತ್ತಿದ್ದರು. ತಾಯಿ ಕೆಲಸಕ್ಕೆ ಹೋದರೆ ಮಗುವನ್ನು ನೋಡಲು ಜನವಿತ್ತು. ಹುಡುಗ ದಾರಿ ತಪ್ಪಿದರೆ ಕಿವಿ ಹಿಂಡುವ ಹಕ್ಕು ಬೀದಿಯ ಪ್ರತಿಯೊಬ್ಬ ಹಿರಿಯನಿಗೂ ಇತ್ತು.

ಅಲ್ಲಿ ಪುಂಡರಿರಲಿಲ್ಲವೇ? ಇದ್ದರು. ಪುಂಡ ಹುಡುಗನಿಗೆ ಅಲ್ಲಿ ‘ಸ್ಕಾಲಿ’ ಎನ್ನುತ್ತಾರೆ. ಕೇಪ್‌ಟೌನಿನ ಗ್ಯಾಂಗುಗಳ ಬಗ್ಗೆ 1984ರಲ್ಲಿ ‘ದಿ ಬ್ರದರ್‌ಹುಡ್ಸ್’ ಎಂಬ ಪುಸ್ತಕ ಬರೆದ ಡಾನ್ ಪಿನ್ನೋಕ್, ಡಿಸ್ಟ್ರಿಕ್ಟ್ ಸಿಕ್ಸ್‌ನ ‘ಗ್ಲೋಬ್’ ಗ್ಯಾಂಗಿನ ಕಥೆ ಹೇಳುತ್ತಾರೆ. ಎರಡನೇ ಮಹಾಯುದ್ಧದ ನಂತರ ಹಳ್ಳಿಗಳಿಂದ ಬಂದ ನಿರುದ್ಯೋಗಿಗಳು ನಗರದಲ್ಲಿ ತುಂಬಿದಾಗ, ಕಳ್ಳತನ ಮತ್ತು ಹಫ್ತಾ ವಸೂಲಿ ಹೆಚ್ಚಿತು. ಇದನ್ನು ತಡೆಯಲು ಅಂಗಡಿಕಾರರ ಮನೆತನದ ಹುಡುಗರು ಹ್ಯಾನೋವರ್ ಬೀದಿಯ ಗ್ಲೋಬ್ ಎಂಬ ಪೀಠೋಪಕರಣದ ಅಂಗಡಿಯ ಬಳಿ ಗುಂಪುಗೂಡತೊಡಗಿದರು. ಪೊಲೀಸರಿಗೆ ಇದು ಅನುಕೂಲವೇ ಆಯಿತು. ಆದರೆ ಸ್ಕಾಲಿಗಳನ್ನು ಓಡಿಸಲು ಹುಟ್ಟಿದ ಗುಂಪು, ಕಾಲಕ್ರಮೇಣ ತಾನೇ ಹಫ್ತಾ ಎತ್ತತೊಡಗಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಐವತ್ತು ವರ್ಷಗಳ ನಂತರ ಇದೇ ಕಥೆ ಇನ್ನೊಂದು ರೂಪದಲ್ಲಿ ಮರಳಿ ಬರಲಿದೆ.

1966ರ ಫೆಬ್ರವರಿ 11ರಂದು ವರ್ಣಭೇದದ ಸರಕಾರ ಡಿಸ್ಟ್ರಿಕ್ಟ್ ಸಿಕ್ಸನ್ನು ಬಿಳಿಯರ ಪ್ರದೇಶವೆಂದು ಘೋಷಿಸಿತು. 1950ರ ‘ಗ್ರೂಪ್ ಏರಿಯಾಸ್ ಕಾಯ್ದೆ’ಯ ಪ್ರಕಾರ ಯಾವ ಬಣ್ಣದವರು ಎಲ್ಲಿ ವಾಸಿಸಬೇಕೆಂದು ಸರಕಾರವೇ ನಿರ್ಧರಿಸುತ್ತಿತ್ತು. ಮುಂದಿನ ಹದಿನೈದು ವರ್ಷಗಳಲ್ಲಿ ಬುಲ್ಡೋಜರುಗಳು ಒಂದೊಂದೇ ಬೀದಿಯನ್ನು ನೆಲಸಮ ಮಾಡಿದವು. ಸುಮಾರು 60 ಸಾವಿರ ಜನರನ್ನು ಒಕ್ಕಲೆಬ್ಬಿಸಲಾಯಿತು. ಆರಾಧನಾಲಯಗಳನ್ನು ಮುಟ್ಟಲು ಮಾತ್ರ ಸರಕಾರ ಹಿಂಜರಿಯಿತು. ಜನರಿಲ್ಲದ ಬಯಲಿನಲ್ಲಿ ಮಸೀದಿ, ಚರ್ಚುಗಳಷ್ಟೇ ಉಳಿದವು. ಸರಕಾರಕ್ಕೆ ಈ ಭೂಮಿ ಅಷ್ಟು ಅಗತ್ಯವಿತ್ತೇ? ಅದೂ ಇಲ್ಲ. ಒಂದು ಭಾಗದಲ್ಲಿ ಸರಕಾರಿ ಕಾಲೇಜು ಬಂತು. ಉಳಿದ ಬಹುಪಾಲು ದಶಕಗಳ ಕಾಲ ಪಾಳು ಬಿದ್ದಿತ್ತು.

ಮರಳಿನ ಮೇಲಿನ ಬದುಕು

ಹೊರದಬ್ಬಿದವರನ್ನು ಸಾಗಿಸಿದ್ದು ಕೇಪ್ ಫ್ಲಾಟ್ಸ್ ಎಂಬ ಮರಳುಗಾಡಿಗೆ. ನಗರದಿಂದ ಮೈಲುಗಟ್ಟಲೆ ದೂರ. ಬೇಸಿಗೆಯಲ್ಲಿ ಗಾಳಿಗೆ ಮರಳು ಹಾರುತ್ತದೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಮ್ಯಾನೆನ್‌ಬರ್ಗ್, ಬಾಂಟೆಹ್ಯೂವೆಲ್, ಲ್ಯಾವೆಂಡರ್ ಹಿಲ್, ಮಿಚೆಲ್ಸ್ ಪ್ಲೇನ್ ಮುಂತಾದ ಬಡಾವಣೆಗಳೆದ್ದವು. ಒಂದಕ್ಕೆ ಹ್ಯಾನೋವರ್ ಪಾರ್ಕ್ ಎಂದು ಹೆಸರಿಟ್ಟರು. ಹ್ಯಾನೋವರ್ ಬೀದಿಯನ್ನು ಕೆಡವಿ, ಅದರ ಹೆಸರನ್ನು ಮಾತ್ರ ಸಾಗಿಸಿದರು.

ಮನೆ ಹಂಚಿದ್ದು ಪಟ್ಟಿಯ ಪ್ರಕಾರ. ಅಜ್ಜಿಗೆ ಒಂದು ಬಡಾವಣೆ, ಮಗಳಿಗೆ ಇನ್ನೊಂದು, ಹಳೆಯ ನೆರೆಯವರಿಗೆ ಮತ್ತೊಂದು. ಬಸ್ಸಿನ ಹಣವಿಲ್ಲದೆ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ತಂದೆ-ತಾಯಿ ಬೆಳಗಾಗುವ ಮೊದಲೇ ರೈಲು ಹಿಡಿದು ನಗರಕ್ಕೆ ಹೋಗಿ, ಕತ್ತಲಾದ ಮೇಲೆ ಮರಳುವರು. ಆ ಭಾಗದ ದೊಡ್ಡ ಉದ್ಯಮ ಬಟ್ಟೆ ಹೊಲಿಯುವ ಕಾರ್ಖಾನೆಗಳು. ಅವುಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಗಂಡು ಮಕ್ಕಳಿಗೆ ಶಾಲೆಯೂ ಹಿಡಿಸದು, ಕೆಲಸವೂ ಸಿಗದು. ಇಡೀ ದಿನ ಮೂರು ಮಹಡಿಯ ಕಟ್ಟಡಗಳ ನಡುವಿನ ಅಂಗಳವೇ ಅವರ ಮನೆ.

ಆ ಅಂಗಳದಲ್ಲಿ ಗ್ಯಾಂಗು ಹುಟ್ಟಿತು. ಪಿನ್ನೋಕ್ ಅವರ ಪುಸ್ತಕದ ತಿರುಳು ಇದೇ: ಗ್ಯಾಂಗು ಹುಡುಗರ ದುಷ್ಟತನದಿಂದ ಹುಟ್ಟಿದ್ದಲ್ಲ, ಒಡೆದುಹೋದ ದೊಡ್ಡ ಕುಟುಂಬದ ಜಾಗವನ್ನು ತುಂಬಲು ಬಂದದ್ದು. ಅಪರಿಚಿತ ಬಡಾವಣೆಯಲ್ಲಿ ತನ್ನವರೆನ್ನಲು ಯಾರೂ ಇಲ್ಲದ ಹನ್ನೆರಡು ವರ್ಷದ ಹುಡುಗನಿಗೆ ಅದು ಅಣ್ಣಂದಿರನ್ನು ಕೊಟ್ಟಿತು, ಹೆಸರು ಕೊಟ್ಟಿತು, ಹಸಿದಾಗ ಊಟ ಕೊಟ್ಟಿತು, ಹೊಡೆಯಲು ಬಂದವರಿಂದ ಕಾಪಾಡಿತು. ನಂತರ ಇದಕ್ಕೆಲ್ಲ ಬೆಲೆ ಕೇಳಿತು. ಗ್ಯಾಂಗಿನ ದೊರೆಗಳು ಬಡವರ ಬಾಡಿಗೆ ಕಟ್ಟಿದರು, ಮಕ್ಕಳಿಗೆ ಚಿಲ್ಲರೆ ಹಂಚಿದರು. ಕೊನೆಗೆ ಆ ಮಕ್ಕಳ ಕೈಗೇ ಮಾದಕ ಪೊಟ್ಟಣ ಇಟ್ಟರು.

ಸರಕಾರಕ್ಕೆ ಬೇಕಾದ ಪುಂಡರು

ಇಷ್ಟಾದರೆ ಸರಕಾರದ್ದು ಬರೀ ಕ್ರೌರ್ಯ ಮತ್ತು ಅಲಕ್ಷ್ಯ ಎನ್ನಬಹುದಿತ್ತು. ಆದರೆ 1980ರ ದಶಕದಲ್ಲಿ ವರ್ಣಭೇದದ ವಿರುದ್ಧ ಹೋರಾಟ ಕಾವೇರಿದಾಗ, ಸರಕಾರ ತಾನೇ ಸೃಷ್ಟಿಸಿದ ಈ ಪುಂಡರಲ್ಲಿ ಒಂದು ಉಪಯೋಗವನ್ನು ಕಂಡುಕೊಂಡಿತು.

1986ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಕೇಪ್‌ಟೌನಿನ ಕ್ರಾಸ್‌ರೋಡ್ಸ್ ಮತ್ತು ಕೆ.ಟಿ.ಸಿ. ಎಂಬ ಗುಡಿಸಲು ಪ್ರದೇಶಗಳ ಮೇಲೆ, ತೋಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡ ಗುಂಪೊಂದು ದಾಳಿ ಮಾಡಿ ಬೆಂಕಿ ಹಚ್ಚಿತು. ಹತ್ತಾರು ಸಾವಿರ ಜನ ನಿರಾಶ್ರಿತರಾದರು. ಸರಕಾರ ಇದನ್ನು ಕಪ್ಪು ಜನರ ಒಳಜಗಳ ಎಂದಿತು. ದಾಳಿಕೋರರಿಗೆ ಪೊಲೀಸರ ಬೆಂಬಲವಿತ್ತೆಂಬುದು ಬಳಿಕ ಸತ್ಯಶೋಧನಾ ಆಯೋಗದ ಮುಂದೆ ಸ್ಪಷ್ಟವಾಯಿತು. ಆ ಜನರನ್ನು ಅಲ್ಲಿಂದ ಎಬ್ಬಿಸಬೇಕೆಂದು ಸರಕಾರ ವರ್ಷಗಳಿಂದ ಪ್ರಯತ್ನಿಸಿ ಸೋತಿತ್ತು. ಬುಲ್ಡೋಜರಿನಿಂದಾಗದ ಕೆಲಸವನ್ನು ಪುಂಡರು ಮಾಡಿಕೊಟ್ಟರು.

ಇನ್ನೊಂದು ಘಟನೆ ದುಲ್ಲಾ ಉಮರ್ ಅವರದು. ಅವರು ಕೇಪ್‌ಟೌನಿನ ಮುಸ್ಲಿಂ ವಕೀಲ. ರಾಜಕೀಯ ಕೈದಿಗಳ ಪರ ದಶಕಗಳ ಕಾಲ ವಾದಿಸಿದವರು, ಮಂಡೇಲಾರಿಗೂ ವಕೀಲರಾಗಿದ್ದವರು. ಸೇನೆಯೊಳಗೆ ‘ಸಿವಿಲ್ ಕೋಆಪರೇಶನ್ ಬ್ಯೂರೋ’ ಎಂಬ ಗುಪ್ತ ವಿಭಾಗವೊಂದಿತ್ತು. ಹೆಸರು ಕೇಳಿದರೆ ಸಹಕಾರಿ ಸಂಘದಂತಿದೆ. ಕೆಲಸ ಮಾತ್ರ ಕೊಲೆ. 1989ರಲ್ಲಿ ಅದು ಉಮರ್ ಅವರನ್ನು ಮುಗಿಸಲು ಯೋಜಿಸಿತು. ಗುಂಡಿಕ್ಕಲು ಗೊತ್ತು ಮಾಡಿದ್ದು ಪೀಚಸ್ ಗಾರ್ಡನ್ ಎಂಬ ಕೇಪ್ ಫ್ಲಾಟ್ಸ್‌ನ ಗ್ಯಾಂಗ್‌ಸ್ಟರನನ್ನು. ಅದು ಕೈಗೂಡದಾಗ, ಹೃದ್ರೋಗಿಯಾಗಿದ್ದ ಉಮರ್ ಅವರ ಮಾತ್ರೆಗಳನ್ನು ಬದಲಿಸಿ ವಿಷವಿಡುವ ಯೋಜನೆಯಾಯಿತು. ಅದೂ ಫಲಿಸಲಿಲ್ಲ. ಅದೇ ವರ್ಷದ ಆಗಸ್ಟ್ 31ರಂದು ಆತ್ಲೋನ್ ಎಂಬಲ್ಲಿನ ಶಿಶು ಶಿಕ್ಷಣ ಕೇಂದ್ರವೊಂದರಲ್ಲಿ ಇದೇ ವಿಭಾಗ ಬಾಂಬು ಸ್ಫೋಟಿಸಿತು. ವರ್ಣಭೇದ ವಿರೋಧಿ ಯುವಕರು ಅಲ್ಲಿ ಸಭೆ ಸೇರುತ್ತಿದ್ದರು ಎಂಬುದು ಕಾರಣ. 1990ರಲ್ಲಿ ನ್ಯಾಯಾಂಗ ಆಯೋಗದ ಮುಂದೆ ಆ ವಿಭಾಗದ ಮಾಜಿ ಅಧಿಕಾರಿಯೇ ಈ ಸಂಗತಿಗಳನ್ನು ಬಾಯಿಬಿಟ್ಟ.

ಗ್ಯಾಂಗಿನವನಿಗೆ ಸರಕಾರದ ಇಂತಹ ಕೆಲಸ ಸಿಕ್ಕ ಮೇಲೆ ಪೊಲೀಸರ ಭಯವೆಲ್ಲಿ ಉಳಿಯಿತು? ಹೋರಾಟಗಾರರನ್ನು ಹಿಡಿಯುವ ಅವಸರದಲ್ಲಿದ್ದ ಪೊಲೀಸರು ಮಾದಕ ವ್ಯಾಪಾರದ ಕಡೆ ಕಣ್ಣು ಮುಚ್ಚಿದರು. ಅಂದಿನ ಬೀದಿಗಳ ಮುಖ್ಯ ಸರಕು ಮ್ಯಾಂಡ್ರಾಕ್ಸ್ ಮಾತ್ರೆ. ಇದರಲ್ಲಿ ನಮ್ಮ ದೇಶದ ಪಾಲೂ ಇದೆ. ಅದರ ಮೂಲ ರಾಸಾಯನಿಕವಾದ ಮೆಥಾಕ್ವಲೋನನ್ನು 1951ರಲ್ಲಿ ಮೊದಲು ತಯಾರಿಸಿದವರು ಭಾರತದ ವಿಜ್ಞಾನಿಗಳಾದ ಕಕ್ಕರ್ ಮತ್ತು ಸೈಯದ್ ಹುಸೈನ್ ಝಹೀರ್. ಮಲೇರಿಯಾಕ್ಕೆ ಮದ್ದು ಹುಡುಕುವ ಸದುದ್ದೇಶ ಅವರದಾಗಿತ್ತು. ನಿದ್ದೆಮಾತ್ರೆಯಾಗಿ ಲೋಕವಿಡೀ ಹರಡಿದ ಆ ಮದ್ದನ್ನು ದುರುಪಯೋಗದ ಕಾರಣ ಬಹುತೇಕ ದೇಶಗಳು ನಿಷೇಧಿಸಿದವು. ಭಾರತವೂ 1984ರಲ್ಲಿ ನಿಷೇಧಿಸಿತು. ಬಳಿಕ ಇಲ್ಲಿ ಕಳ್ಳತನದಲ್ಲಿ ತಯಾರಾಗಿ ದಕ್ಷಿಣ ಆಫ್ರಿಕಾಕ್ಕೆ ಹಡಗೇರುತ್ತಿತ್ತು. 2016ರಲ್ಲೂ ರಾಜಸ್ಥಾನದ ಉದಯಪುರದಲ್ಲಿ 23 ಟನ್ನಿಗೂ ಹೆಚ್ಚು ಮ್ಯಾಂಡ್ರಾಕ್ಸ್ ಸಿಕ್ಕಿಬಿದ್ದಿತು.

ಇದಕ್ಕಿಂತ ಬೆರಗಿನ ಸಂಗತಿ ದಕ್ಷಿಣ ಆಫ್ರಿಕಾದ ಸೇನೆಯದು. ‘ಪ್ರಾಜೆಕ್ಟ್ ಕೋಸ್ಟ್’ ಎಂಬ ಅದರ ಗುಪ್ತ ರಾಸಾಯನಿಕ ಅಸ್ತ್ರ ಯೋಜನೆಯಲ್ಲಿ ಸುಮಾರು ಒಂದು ಟನ್ ಮೆಥಾಕ್ವಲೋನ್ ತಯಾರಿಸಲಾಗಿತ್ತು ಎಂಬುದು 1998ರಲ್ಲಿ ಸತ್ಯಶೋಧನಾ ಆಯೋಗದ ವಿಚಾರಣೆಯಲ್ಲಿ ಬಯಲಾಯಿತು. ಜನಜಂಗುಳಿಯನ್ನು ಚದುರಿಸಲು ಎಂಬುದು ಸಮಜಾಯಿಷಿ. ಅದು ಬೀದಿಗೆ ಬಂದದ್ದು ನ್ಯಾಯಾಲಯದಲ್ಲಿ ಸಾಬೀತಾಗಲಿಲ್ಲ. ಯೋಜನೆಯ ಮುಖ್ಯಸ್ಥ ವೂಟರ್ ಬ್ಯಾಸನ್ 2002ರಲ್ಲಿ ಖುಲಾಸೆಯಾದ. ಆದರೆ ಬಡಾವಣೆಗಳ ಮಕ್ಕಳನ್ನು ಕೊಲ್ಲುತ್ತಿದ್ದ ಅದೇ ವಿಷವನ್ನು ಸರಕಾರವೂ ತಯಾರಿಸುತ್ತಿತ್ತು ಎಂಬುದರಲ್ಲಿ ಸಂಶಯವಿಲ್ಲ.

ಸ್ವಾತಂತ್ರ್ಯ ಬಂತು, ಕೆಲಸ ಬರಲಿಲ್ಲ

1994ರಲ್ಲಿ ಮಂಡೇಲಾ ಅಧ್ಯಕ್ಷರಾದರು. ಗ್ಯಾಂಗ್‌ಸ್ಟರನ ಗುಂಡಿನಿಂದ ಪಾರಾಗಿದ್ದ ದುಲ್ಲಾ ಉಮರ್ ಕಾನೂನು ಸಚಿವರಾದರು. ಸತ್ಯಶೋಧನೆ ಮತ್ತು ಸಮನ್ವಯ ಆಯೋಗವನ್ನು ಸ್ಥಾಪಿಸಿದ 1995ರ ಕಾನೂನನ್ನು ತಂದವರು ಅವರೇ. ತಮ್ಮ ಕೊಲೆಗೆ ಸಂಚು ಹೂಡಿದವರೂ ಸತ್ಯ ಹೇಳಿದರೆ ಕ್ಷಮೆ ಕೇಳಬಹುದೆಂಬ ದಾರಿಯನ್ನು ಅವರು ತೆರೆದರು. ಸಂಘಟಿತ ಅಪರಾಧದ ವಿರುದ್ಧದ 1998ರ ಕಾನೂನು ಬಂದದ್ದೂ ಅವರ ಕಾಲದಲ್ಲೇ.

ಕಾನೂನು ಬಂತು; ಕೆಲಸ ಬರಲಿಲ್ಲ. ವಿದೇಶಿ ಸರಕಿನ ಮೇಲಿನ ಸುಂಕ ಇಳಿದು ಅಗ್ಗದ ಬಟ್ಟೆ ಒಳಬಂದಾಗ ಕೇಪ್‌ಟೌನಿನ ಹೊಲಿಗೆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೇಪ್ ಫ್ಲಾಟ್ಸ್‌ನ ಮನೆಗಳನ್ನು ನಡೆಸುತ್ತಿದ್ದ ತಾಯಂದಿರ ಸಂಬಳವೂ ನಿಂತಿತು. ಅತ್ತ ತೆರೆದ ಗಡಿಗಳಿಂದ ಹೊಸ ಸರಕು ಬಂತು. ‘ಟಿಕ್’ ಎಂದು ಕರೆಯುವ ಮೆಥಾಂಫೆಟಮಿನ್ ಮ್ಯಾಂಡ್ರಾಕ್ಸನ್ನೂ ಮೀರಿಸಿತು. ಕೇಪ್ ಕಡಲಿನ ಅಬಲೋನ್ ಎಂಬ ಚಿಪ್ಪುಜೀವಿಯನ್ನು ಕದ್ದು ಚೀನಾದ ವ್ಯಾಪಾರಿ ಜಾಲಗಳಿಗೆ ಕೊಟ್ಟು, ಬದಲಿಗೆ ಟಿಕ್ ತಯಾರಿಸುವ ರಾಸಾಯನಿಕ ಪಡೆಯುವ ವಿನಿಮಯ ನಡೆಯಿತು.

2025ರ ಮೊದಲ ಮೂರು ತಿಂಗಳ ಸರಕಾರಿ ಲೆಕ್ಕದಂತೆ ದಕ್ಷಿಣ ಆಫ್ರಿಕಾದಲ್ಲಿ 15ರಿಂದ 34 ವರ್ಷದವರ ನಿರುದ್ಯೋಗ ಶೇ. 46.1, 15ರಿಂದ 24 ವರ್ಷದವರಲ್ಲಂತೂ ಶೇ. 62.4. ಕೇಪ್‌ಟೌನ್ ಇರುವ ವೆಸ್ಟರ್ನ್ ಕೇಪ್ ಪ್ರಾಂತ್ಯದ ನಿರುದ್ಯೋಗ ದೇಶದ ಸರಾಸರಿಗಿಂತ ಸಾಕಷ್ಟು ಕಡಿಮೆ. ಹಾಗಿದ್ದೂ ಗ್ಯಾಂಗುಗಳ ರಾಜಧಾನಿ ಅದೇ. ಬರೀ ನಿರುದ್ಯೋಗದಿಂದ ಗ್ಯಾಂಗಾಗದು ಎಂಬುದಕ್ಕೆ ಇದೇ ಸಾಕ್ಷಿ. ನಿರುದ್ಯೋಗದ ಜೊತೆ ಒಡೆದ ಕುಟುಂಬವೂ, ಕಣ್ಣು ಮುಚ್ಚಿದ ಪೊಲೀಸೂ ಸೇರಬೇಕು.

ಜನರೇ ಕೋವಿ ಹಿಡಿದಾಗ

ಈ ಹಿನ್ನೆಲೆಯಲ್ಲಿ 1995-96ರ ಸುಮಾರಿಗೆ ‘ಪಗಾಡ್’ ಹುಟ್ಟಿತು. ‘ಗ್ಯಾಂಗು ಮತ್ತು ಮಾದಕ ದ್ರವ್ಯದ ವಿರುದ್ಧ ಜನರು’ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಸಂಕ್ಷಿಪ್ತ ರೂಪವದು. ಮಸೀದಿಗಳ ಸುತ್ತ ಬೆಳೆದ ಈ ಚಳವಳಿಯಲ್ಲಿ ಆರಂಭದಲ್ಲಿ ಶಿಕ್ಷಕರು, ವ್ಯಾಪಾರಿಗಳು, ಗೃಹಿಣಿಯರು ಇದ್ದರು. ಅವರ ಕೋಪ ನ್ಯಾಯವಾದದ್ದೇ. ಮಾದಕ ವ್ಯಾಪಾರಿಯ ಮನೆ ಯಾವುದೆಂದು ಊರಿಗೆಲ್ಲ ಗೊತ್ತಿತ್ತು. ಪೊಲೀಸರಿಗೆ ಮಾತ್ರ ಗೊತ್ತಿರಲಿಲ್ಲ! ಜನ ವ್ಯಾಪಾರಿಗಳ ಮನೆಗಳಿಗೆ ಮೆರವಣಿಗೆ ಹೋಗಿ ಎಚ್ಚರಿಕೆ ಕೊಡತೊಡಗಿದರು. ಅಂತಹ ಒಂದು ಮೆರವಣಿಗೆಯೇ ಲಂಡನ್ ರಸ್ತೆಗೆ ಹೋದದ್ದು.

ಆ ರಾತ್ರಿಯ ನಂತರ ಪಗಾಡ್ ಮೊದಲಿನಂತೆ ಉಳಿಯಲಿಲ್ಲ. ಗೃಹಿಣಿಯರು ಮನೆಗೆ ಮರಳಿದರು. ಕೋವಿ ಹಿಡಿದವರು ಮುಂದೆ ಬಂದರು. ಗ್ಯಾಂಗಿನ ನಾಯಕರ ಹತ್ಯೆಗಳಾದವು, ಮನೆಗಳ ಮೇಲೆ ಪೈಪ್ ಬಾಂಬುಗಳು ಬಿದ್ದವು. 1998ರ ಆಗಸ್ಟ್ 25ರಂದು ಬಂದರು ಬಳಿಯ ಪ್ಲಾನೆಟ್ ಹಾಲಿವುಡ್ ಹೋಟೆಲಿನಲ್ಲಿ ಬಾಂಬು ಸ್ಫೋಟಿಸಿ ಇಬ್ಬರು ಸತ್ತರು. ಇಂತಹ ಸ್ಫೋಟಗಳ ಸಾಲಿಗೆ ಪಗಾಡ್ ಹೊಣೆಯೆಂದು ಸರಕಾರ ಹೇಳಿತು, ಪಗಾಡ್ ನಿರಾಕರಿಸಿತು. ಹೋಟೆಲಿನ ಸ್ಫೋಟಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ. 2000ದ ಸೆಪ್ಟೆಂಬರಿನಲ್ಲಿ, ಪಗಾಡ್ ಸದಸ್ಯರ ಮೊಕದ್ದಮೆಗಳನ್ನು ನಡೆಸುತ್ತಿದ್ದ ಮ್ಯಾಜಿಸ್ಟ್ರೇಟ್ ಒಬ್ಬರನ್ನು ಅವರ ಮನೆಯ ಬಳಿ ಕೊಲ್ಲಲಾಯಿತು. ಸ್ಟ್ಯಾಗಿ ಪ್ರಕರಣದಲ್ಲಿ ಪಗಾಡ್ ನಾಯಕ ಅಬ್ದುಸ್ಸಲಾಮ್ ಇಬ್ರಾಹೀಮ್‌ಗೆ 2002ರಲ್ಲಿ ಸಾರ್ವಜನಿಕ ಹಿಂಸಾಚಾರಕ್ಕಾಗಿ ಏಳು ವರ್ಷ ಶಿಕ್ಷೆಯಾಯಿತು. ಕೊಲೆ ಆರೋಪದಿಂದ ಅವರು ಮುಕ್ತರಾದರು.

ಈ ದಾರಿ ತಪ್ಪೆಂದು ಸಮುದಾಯದೊಳಗೇ ಹೇಳಿದವರಿದ್ದರು. ಅವರಲ್ಲೊಬ್ಬರು ಇಬ್ರಾಹೀಮ್ ಮೂಸಾ. ದೇವಬಂದ್‌ನಲ್ಲೂ ಲಕ್ನೋದ ನದ್ವತುಲ್ ಉಲಮಾದಲ್ಲೂ ಕಲಿತು, ಕೇಪ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಮಾಡುತ್ತಿದ್ದ ವಿದ್ವಾಂಸರು. ಪಗಾಡಿನ ಹಿಂಸೆಯನ್ನು ಅವರು ಬಹಿರಂಗವಾಗಿ ಟೀಕಿಸಿದ್ದರು. 1998ರ ಜುಲೈಯಲ್ಲಿ ಅವರ ಮನೆಯ ಮೇಲೆ ಬಾಂಬು ದಾಳಿಯಾಯಿತು. ಕುಟುಂಬ ಪಾರಾಯಿತು, ಆದರೆ ಅವರು ಊರು ಬಿಟ್ಟು ಅಮೆರಿಕಕ್ಕೆ ಹೋಗಬೇಕಾಯಿತು. ಮಾದಕ ವ್ಯಾಪಾರಿಗಳನ್ನು ಓಡಿಸಲು ಹೊರಟ ಊರು, ಕೊನೆಗೆ ತನ್ನ ಆಲಿಮರನ್ನೇ ಕಳಕೊಂಡಿತು.

ಹ್ಯಾನೋವರ್ ಬೀದಿಯ ಗ್ಲೋಬ್ ಹುಡುಗರ ಕಥೆ ಹೀಗೆ ಮರಳಿ ಬಂತು. ಪುಂಡರನ್ನು ಅಡಗಿಸಲು ಪುಂಡರ ದಾರಿಯನ್ನೇ ಹಿಡಿದವರು ಎರಡು ಸಲವೂ ತಾವು ವಿರೋಧಿಸಿದವರಂತೆಯೇ ಆದರು. ಅನ್ಯಾಯದ ವಿರುದ್ಧದ ಕೋಪ ಎಷ್ಟೇ ಪ್ರಾಮಾಣಿಕವಾಗಿರಲಿ, ವಿಚಾರಣೆಯಿಲ್ಲದ ಶಿಕ್ಷೆ ನ್ಯಾಯವಾಗದು. ಆದರೆ ಪಗಾಡನ್ನು ಮಾತ್ರ ಬೈದು ಕೈ ತೊಳೆದುಕೊಳ್ಳುವಂತಿಲ್ಲ. ಜನ ಪೊಲೀಸರನ್ನು ನಂಬದಿರಲು ಕಾರಣಗಳಿದ್ದವು. ಅದೂ ಮುಂದೆ ದಾಖಲೆ ಸಮೇತ ಹೊರಬಂತು.

ಠಾಣೆಯಿಂದ ಬಂದ ಪಿಸ್ತೂಲು

ಕೇಪ್ ಫ್ಲಾಟ್ಸ್‌ನಲ್ಲಿ ಸಿಗುತ್ತಿದ್ದ ಪಿಸ್ತೂಲುಗಳನ್ನು ಪರೀಕ್ಷಿಸಿದ ಇಬ್ಬರು ಹಿರಿಯ ಪೊಲೀಸ್ ಅಧಿಕಾರಿಗಳಿಗೆ ಒಂದು ವಿಚಿತ್ರ ಸಂಗತಿ ಕಂಡುಬಂತು: ಅವುಗಳ ಕ್ರಮಸಂಖ್ಯೆಯನ್ನು ಒಂದೇ ರೀತಿ ಅಳಿಸಲಾಗಿತ್ತು. ಜಾಡು ಹಿಡಿದು ಹೋದಾಗ ಅದು ತಲುಪಿದ್ದು ಪೊಲೀಸ್ ಇಲಾಖೆಗೇ. ಜನರು ಠಾಣೆಗೆ ಒಪ್ಪಿಸಿದ, ನಾಶಪಡಿಸಬೇಕಾಗಿದ್ದ ಆಯುಧಗಳನ್ನು ಕ್ರಿಸ್ ಪ್ರಿನ್ಸ್‌ಲೂ ಎಂಬ ಪೊಲೀಸ್ ಕರ್ನಲ್ ಗ್ಯಾಂಗುಗಳಿಗೆ ತಲುಪುವಂತೆ ಮಾರುತ್ತಿದ್ದ. ಸಂಖ್ಯೆ ಎರಡು ಸಾವಿರಕ್ಕೂ ಹೆಚ್ಚು. ಆ ಆಯುಧಗಳಿಗೆ ಸಾವಿರಕ್ಕೂ ಹೆಚ್ಚು ಕೊಲೆಗಳ ನಂಟನ್ನು ತನಿಖೆ ಗುರುತಿಸಿತು. ನಾಶವಾಗಲೆಂದು ಜನ ಒಪ್ಪಿಸಿದ ಪಿಸ್ತೂಲು, ಕೇಪ್ ಫ್ಲಾಟ್ಸ್‌ನ ಮಕ್ಕಳ ಎದೆಗೆ ಗುರಿಯಾಯಿತು.

2016ರಲ್ಲಿ ಪ್ರಿನ್ಸ್‌ಲೂಗೆ 18 ವರ್ಷ ಶಿಕ್ಷೆಯಾಯಿತು. ನಾಲ್ಕೇ ವರ್ಷಗಳಲ್ಲಿ ಅವನು ಪೆರೋಲಿನ ಮೇಲೆ ಹೊರಬಂದ. ತನಿಖೆ ನಡೆಸಿದ ಅಧಿಕಾರಿಗಳಿಗೆ ಸಿಕ್ಕಿದ್ದು ಅದೇ 2016ರಲ್ಲಿ ವರ್ಗಾವಣೆ! ಅದು ಕಾನೂನುಬಾಹಿರವೆಂದು ಮರುವರ್ಷ ಕಾರ್ಮಿಕ ನ್ಯಾಯಾಲಯ ಹೇಳಿತು. ಅಷ್ಟರಲ್ಲಿ ತನಿಖೆಯ ಬೆನ್ನು ಮುರಿದಿತ್ತು. 2020ರ ಸೆಪ್ಟೆಂಬರ್ 18ರಂದು ಗ್ಯಾಂಗು ನಿಗ್ರಹ ದಳದ ಚಾರ್ಲ್ ಕಿನಿಯರ್ ಎಂಬ ಅಧಿಕಾರಿ ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ಸಹೋದ್ಯೋಗಿ ಪೊಲೀಸರ ಮೇಲೆಯೇ ಅವರು ದೂರು ಕೊಟ್ಟಿದ್ದರು. ಅವರ ಮನೆಗಿದ್ದ ಕಾವಲನ್ನು ಅದಾಗಲೇ ತೆಗೆಯಲಾಗಿತ್ತು. 28ರ ಗ್ಯಾಂಗು ಪ್ರಾಂತ್ಯದ ಪೊಲೀಸ್ ಇಲಾಖೆಯ ಉನ್ನತ ಮಟ್ಟಕ್ಕೂ ನುಸುಳಿರುವ ಸೂಚನೆಯಿದೆ ಎಂದು 2022ರ ಅಕ್ಟೋಬರಿನಲ್ಲಿ ವೆಸ್ಟರ್ನ್ ಕೇಪ್ ಹೈಕೋರ್ಟಿನ ನ್ಯಾಯಾಧೀಶರೊಬ್ಬರು ತಮ್ಮ ತೀರ್ಪಿನಲ್ಲೇ ಬರೆದರು. 2025ರ ಜುಲೈಯಲ್ಲಿ ಇನ್ನೊಂದು ಪ್ರಾಂತ್ಯದ ಪೊಲೀಸ್ ಮುಖ್ಯಸ್ಥರೇ, ಪೊಲೀಸ್ ಸಚಿವರಿಗೆ ಅಪರಾಧ ಜಾಲದ ನಂಟಿದೆಯೆಂದು ಬಹಿರಂಗವಾಗಿ ಆರೋಪಿಸಿದರು. ಸಚಿವರು ಆರೋಪ ನಿರಾಕರಿಸಿದರು. ಅವರನ್ನು ರಜೆಯ ಮೇಲೆ ಕಳಿಸಿ, ನಿವೃತ್ತ ನ್ಯಾಯಮೂರ್ತಿ ಮದ್ಲಾಂಗಾ ನೇತೃತ್ವದಲ್ಲಿ ವಿಚಾರಣಾ ಆಯೋಗವನ್ನು ನೇಮಿಸಲಾಯಿತು.

ವರ್ಣಭೇದದ ಸರಕಾರ ಹೋಯಿತು, ಜನರೇ ಆರಿಸಿದ ಸರಕಾರ ಬಂತು. ಆದರೆ ನೊಂಗೊಲೋಜಾನಿಗೆ ಜೈಲಿನ ಸಮವಸ್ತ್ರ ತೊಡಿಸಿದ ಹಳೆಯ ಅಭ್ಯಾಸ ಹೋಗಲಿಲ್ಲ.

ಇದು ಒಂದು ದೇಶದ ಕಾಯಿಲೆಯಲ್ಲ. ಸಿಯೆರಾ ಲಿಯೋನ್‌ನಲ್ಲಿ 1968ರಿಂದ 1985ರವರೆಗೆ ಆಳಿದ ಸಿಯಾಕಾ ಸ್ಟೀವನ್ಸ್ ಪಕ್ಷ, ರಾಜಧಾನಿ ಫ್ರೀಟೌನಿನ ನಿರುದ್ಯೋಗಿ ಹುಡುಗರನ್ನು ವಿರೋಧಿಗಳ ಮೇಲೆ ಛೂ ಬಿಡುತ್ತಿತ್ತು. 1991ರಲ್ಲಿ ಅಂತರ್ಯುದ್ಧ ಆರಂಭವಾದಾಗ ಅಂತಹ ಬೀದಿಯ ಹುಡುಗರ ಕೈಗೆ ಬಂದೂಕು ಬಂತು. ದೇಶ ಹನ್ನೊಂದು ವರ್ಷ ಉರಿಯಿತು. ನೈಜೀರಿಯಾದ ತೈಲನಾಡಾದ ರಿವರ್ಸ್ ರಾಜ್ಯದಲ್ಲಿ 2003ರ ಚುನಾವಣೆಗಾಗಿ ರಾಜಕಾರಣಿಗಳು ಯುವಕರ ಗುಂಪುಗಳಿಗೆ ಹಣ, ಆಯುಧ ಕೊಟ್ಟರು. ಚುನಾವಣೆ ಮುಗಿಯಿತು, ಆಯುಧ ಮರಳಲಿಲ್ಲ. ಮರುವರ್ಷ ಅದೇ ಗುಂಪುಗಳು ಪೋರ್ಟ್ ಹಾರ್ಕೋರ್ಟ್ ನಗರದಲ್ಲಿ ಪರಸ್ಪರ ಕಾದಾಡಿದವು. ಕೀನ್ಯಾದಲ್ಲಿ 2007ರ ಚುನಾವಣೆಯ ನಂತರದ ಹಿಂಸೆಯಲ್ಲಿ 1,100ಕ್ಕೂ ಹೆಚ್ಚು ಜನ ಸತ್ತಾಗ, ಸರಕಾರವೇ ನಿಷೇಧಿಸಿದ್ದ ಮುಂಗಿಕಿ ಎಂಬ ಗುಂಪನ್ನು ಅಧಿಕಾರಸ್ಥರು ಬಳಸಿಕೊಂಡ ಆರೋಪ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದವರೆಗೆ ಹೋಯಿತು; ಸಾಕ್ಷ್ಯ ಸಾಲದೆ 2014ರಲ್ಲಿ ಮುಖ್ಯ ಆರೋಪವನ್ನು ಹಿಂತೆಗೆದುಕೊಳ್ಳಲಾಯಿತು. ಎಲ್ಲ ಕಡೆಯೂ ಪಾತ್ರಗಳು ಅವೇ: ಕೆಲಸವಿಲ್ಲದ ಹುಡುಗ, ಅವನನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆಯುವ ಅಧಿಕಾರ, ಮತ್ತು ಮರುದಿನದಿಂದ ಅವನ ಭಯದಲ್ಲಿ ಬದುಕಬೇಕಾದ ಅವನದೇ ಊರು.

2004ರ ಫೆಬ್ರವರಿ 11ರಂದು, ಡಿಸ್ಟ್ರಿಕ್ಟ್ ಸಿಕ್ಸನ್ನು ಕಸಿದುಕೊಂಡ ಆ ಘೋಷಣೆಗೆ ಸರಿಯಾಗಿ 38 ವರ್ಷ ತುಂಬಿದ ದಿನ, ಅಲ್ಲಿ ಹೊಸದಾಗಿ ಕಟ್ಟಿದ ಮನೆಗಳ ಕೀಲಿಕೈಯನ್ನು ಮಂಡೇಲಾ ಇಬ್ಬರು ಹಿರಿಯರ ಕೈಗಿತ್ತರು. ಇಬ್ಬರೂ ಎಂಬತ್ತು ದಾಟಿದವರು. ಆ ಬಳಿಕ ಮರಳಿದವರ ಸಂಖ್ಯೆ ಹೊರಹಾಕಲ್ಪಟ್ಟವರ ಮುಂದೆ ಏನೇನೂ ಅಲ್ಲ. ಹತ್ತಿರದಲ್ಲೇ, ಹಳೆಯ ಚರ್ಚೊಂದರಲ್ಲಿರುವ ವಸ್ತುಸಂಗ್ರಹಾಲಯದ ನೆಲದ ಮೇಲೆ ಹಳೆಯ ಊರಿನ ನಕಾಶೆ ಹರಡಿದೆ. ಬಂದವರು ಬಗ್ಗಿ ತಮ್ಮ ಬೀದಿಯನ್ನು ಹುಡುಕಿ, ಮನೆಯಿದ್ದ ಜಾಗದಲ್ಲಿ ತಮ್ಮ ಹೆಸರು ಬರೆದಿದ್ದಾರೆ.

ಮನೆಯನ್ನು ಮತ್ತೆ ಕಟ್ಟಬಹುದು. ದಾರಿ ತಪ್ಪಿದ ಹುಡುಗನ ಕಿವಿ ಹಿಂಡುತ್ತಿದ್ದ ಆ ಬೀದಿಯ ಹಿರಿಯನನ್ನು ಎಲ್ಲಿಂದ ತರುವುದು? ಒಂದು ಊರನ್ನು ಕೆಡವಲು ಸರಕಾರಕ್ಕೆ ಹದಿನೈದು ವರ್ಷ ಸಾಕಾಯಿತು. ಆ ಜಾಗದಲ್ಲಿ ಹುಟ್ಟಿದ ಗ್ಯಾಂಗನ್ನು ಅಳಿಸಲು ಅದರ ನಂತರದ ನಲವತ್ತು ವರ್ಷಗಳೂ ಸಾಲಲಿಲ್ಲ. ಕೆಡವುವವರು ಈ ಲೆಕ್ಕವನ್ನು ಯಾವಾಗಲೂ ಬೇರೆಯವರ ಮಕ್ಕಳ ಹೆಸರಿಗೆ ಬರೆದು ಹೋಗುತ್ತಾರೆ.